ಕೇಳಿದ ಊರು ಬೇರೆ, ಕೊಟ್ಟ ಊರು ಬೇರೆ

ರಾಯಚೂರು ಜಿಲ್ಲೆಯ ಸಿಂಧನೂರು ತಾಲ್ಲೂಕಿನ ಓದುಗರೊಬ್ಬರು ಬರೆದಿದ್ದಾರೆ. ಹೆಸರು ಪ್ರಕಟಿಸಬೇಡಿ ಎಂದು ಕೋರಿದ್ದಾರೆ.

‘ನನ್ನ ಮಗಳು ಪಿಯುಸಿ ವಿಜ್ಞಾನದಲ್ಲಿ ಶೇ 91 ಅಂಕ ಪಡೆದಿದ್ದಾಳೆ. ನೆರೆರಾಜ್ಯದ ಖಾಸಗಿ ವಿಶ್ವವಿದ್ಯಾಲಯವೊಂದರ ಪ್ರವೇಶ ಪರೀಕ್ಷೆ ಬರೆದು, ಅರ್ಜಿಯಲ್ಲಿ ಮೂಲ ಕ್ಯಾಂಪಸ್ಸನ್ನು ಮಾತ್ರ ಕೇಳಿದ್ದಳು. ಒಂದು ರಾತ್ರಿ ಮೊಬೈಲಿಗೆ ಅಭಿನಂದನೆಯ ಸಂದೇಶ ಬಂತು. ಕಂಪ್ಯೂಟರ್ ಸೈನ್ಸ್ ಸೀಟು ಸಿಕ್ಕಿದೆ, ಮೂರು ದಿನದಲ್ಲಿ ಶುಲ್ಕ ಕಟ್ಟಿ ಎಂದಿತ್ತು. ಒಂದು ಲಕ್ಷ ರೂಪಾಯಿ ಕಟ್ಟಿದೆ. ವಾರದ ಬಳಿಕ ತಿಳಿಯಿತು, ಸೀಟು ಇರುವುದು ಬೇರೊಂದು ರಾಜ್ಯದಲ್ಲಿರುವ ಅವರ ಇನ್ನೊಂದು ಕ್ಯಾಂಪಸ್ಸಿನಲ್ಲಿ. ವಿಚಾರಿಸಿದರೆ, ಡಿಗ್ರಿ ಒಂದೇ, ಎರಡನೇ ವರ್ಷ ಬದಲಾಯಿಸಿಕೊಳ್ಳಬಹುದು ಎನ್ನುತ್ತಾರೆ. ಎರಡನೇ ದರ್ಜೆಯ ಕ್ಯಾಂಪಸ್ಸಿಗೆ ನಮ್ಮ ಕಡೆಯ ಮಕ್ಕಳನ್ನೇ ತಳ್ಳುತ್ತಾರೆಯೇ? ಅಮೆರಿಕದಲ್ಲಿರುವ ನನ್ನ ತಂಗಿಯ ಮಗ, ಅಲ್ಲಿಯೂ ಇದೇ ಪದ್ಧತಿ ಎನ್ನುತ್ತಾನೆ. ನಾನೇನು ಮಾಡಲಿ?’

ಸಂಪಾದಕರ ಉತ್ತರ:

ನೀವು ಕಳಿಸಿದ ಪ್ರವೇಶ ಪತ್ರದ ನಕಲನ್ನು ಮೇಜಿನ ಮೇಲಿಟ್ಟುಕೊಂಡು ನಾಲ್ಕೈದು ಸಲ ಓದಿದೆ. ಮೇಲ್ಗಡೆ ಮೂಲ ಕ್ಯಾಂಪಸ್ಸಿನ ಗ್ರಂಥಾಲಯದ ಚಿತ್ರ, ಅದರಡಿ ಮೂಲ ಕ್ಯಾಂಪಸ್ಸಿನದೇ ವಿಳಾಸ. ನಿಮ್ಮ ಮಗಳ ಹೆಸರು, ಕೋರ್ಸು, ಕಟ್ಟಬೇಕಾದ ಹಣ ಎಲ್ಲವೂ ದಪ್ಪ ಅಕ್ಷರಗಳಲ್ಲಿವೆ. ಎರಡನೇ ಪುಟದ ಕೋಷ್ಟಕದಲ್ಲಿ, ಅರ್ಜಿ ಸಂಖ್ಯೆಗೂ ರಕ್ತದ ಗುಂಪಿಗೂ ನಡುವೆ, ‘ಸ್ಥಳ’ ಎಂಬ ಒಂದು ಸಾಲು. ಅದರ ಮುಂದೆ ಊರಿನ ಹೆಸರಿಲ್ಲ, ಮೂರಕ್ಷರದ ಸಂಕೇತವಿದೆ. ಆ ಸಂಕೇತ ಯಾವ ಊರಿನದು ಎಂದು ತಿಳಿಯಲು ನಾನು ಅವರ ಮಾಹಿತಿ ಪುಸ್ತಕದ ಕೊನೆಯ ಪುಟಗಳವರೆಗೆ ಹೋಗಬೇಕಾಯಿತು. ಮಗಳಿಗೆ ಸೀಟು ಸಿಕ್ಕ ಸಂತೋಷದಲ್ಲಿ, ರಾತ್ರಿ ಹೊತ್ತು, ಅಂಗೈಯಗಲದ ಪರದೆಯ ಮೇಲೆ ಇದು ನಿಮ್ಮ ಕಣ್ಣಿಗೆ ಬೀಳದೆ ಹೋಗಿದ್ದಕ್ಕೆ ನಿಮ್ಮನ್ನು ದೂರಲಾರೆ. ‘ಓದಿ ನೋಡಬೇಕಿತ್ತು’ ಎಂದು ಬಂಧುಗಳು ಆಡಿಕೊಂಡರೆ ಈ ಹಾಳೆಯನ್ನೇ ಅವರ ಮುಂದಿಡಿ.

ಆದರೆ ನಿಮ್ಮ ಒಂದು ಮಾತನ್ನು ನಾನು ಒಪ್ಪುವುದಿಲ್ಲ. ‘ಎರಡನೇ ದರ್ಜೆಯ ಕ್ಯಾಂಪಸ್’ ಎಂದಿದ್ದೀರಿ. ನಮ್ಮ ಭಾಗದ ಉನ್ನತ ಶಿಕ್ಷಣ ಬೆಳೆದದ್ದೇ ಯಾರದೋ ಹೊರ ಕ್ಯಾಂಪಸ್ಸಾಗಿ. ಗುಲಬರ್ಗಾ ವಿಶ್ವವಿದ್ಯಾಲಯ 1980ರಲ್ಲಿ ಸ್ವತಂತ್ರವಾಗುವ ಮೊದಲು ಅಲ್ಲಿದ್ದದ್ದು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ. ಬಳ್ಳಾರಿಯಲ್ಲಿ 2010ರಲ್ಲಿ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ ಹುಟ್ಟುವ ಮುಂಚೆ ಗುಲಬರ್ಗಾದ ಕೇಂದ್ರವಿತ್ತು. ರಾಯಚೂರಿನ ವಿಶ್ವವಿದ್ಯಾಲಯ ಇಂದು ನಿಂತಿರುವ ಯರಗೇರಾದ ಕಥೆಯೂ ಇದೇ. ಊರಾಚೆಯ ಆ ಕಟ್ಟಡಗಳಲ್ಲಿ ಓದಿದವರೇ ಇಂದು ನಮ್ಮ ಹೆಚ್ಚಿನ ಪದವಿ ಕಾಲೇಜುಗಳಲ್ಲಿ ಪಾಠ ಹೇಳುತ್ತಿದ್ದಾರೆ.

ನಾನೂ ಅಂಥದೊಂದು ಕೇಂದ್ರದಲ್ಲಿ ಎಂ.ಎ. ಓದಿದವನು. ಗ್ರಂಥಾಲಯವೆಂದರೆ ಎರಡು ಕಬ್ಬಿಣದ ಬೀರು, ಅವುಗಳ ಕೀಲಿ ಜವಾನನ ಸೊಂಟದಲ್ಲಿ. ಅಂಕಪಟ್ಟಿಯಲ್ಲಿ ನನ್ನ ತಂದೆಯ ಹೆಸರಿನ ಒಂದು ಅಕ್ಷರ ತಪ್ಪಾಗಿತ್ತು. ಅದನ್ನು ತಿದ್ದಿಸಲು ಮೂಲ ಕಚೇರಿಗೆ ಮೂರು ಸಲ ರಾತ್ರಿ ಬಸ್ಸಿನಲ್ಲಿ ಹೋಗಿ ಬಂದೆ. ಆದರೆ ನಮ್ಮ ತರಗತಿಯಲ್ಲಿ ಇದ್ದವರು ಹದಿನಾಲ್ಕೇ ಜನ. ನಮ್ಮ ಮೇಷ್ಟ್ರು ಒಬ್ಬೊಬ್ಬರನ್ನೂ ಬೇವಿನ ಮರದ ಕೆಳಗೆ ಕೂರಿಸಿಕೊಂಡು ಪ್ರಬಂಧವನ್ನು ಸಾಲು ಸಾಲಾಗಿ ತಿದ್ದುತ್ತಿದ್ದರು. ನಾನು ಇಂದು ಬರೆಯುವ ಕನ್ನಡ ಆ ಮರದ ಕೆಳಗಿನದು. ಆ ಕೇಂದ್ರಕ್ಕೆ ನಾನು ತಿಳಿದೇ ಹೋಗಿದ್ದೆ, ಅರ್ಜಿಯಲ್ಲಿ ಅದರ ಹೆಸರನ್ನು ನನ್ನ ಕೈಯಾರೆ ಬರೆದಿದ್ದೆ. ನಿಮ್ಮ ಮಗಳಿಗೆ ಸಿಗದೆ ಹೋದದ್ದು ಇದು. ಆಕೆಗೆ ಬಂದ ಕ್ಯಾಂಪಸ್ ಚೆನ್ನಾಗಿಯೇ ಇರಬಹುದು. ಆದರೆ ಅದನ್ನು ಆಕೆ ಆರಿಸಲಿಲ್ಲ, ಬೇರೆ ಯಾರೋ ಆರಿಸಿ ಆಕೆಯ ಹೆಸರಿಗೆ ಅಂಟಿಸಿದರು.

ನಮ್ಮ ಕಡೆಯ ಮಕ್ಕಳನ್ನೇ ಹುಡುಕಿ ತಳ್ಳುತ್ತಾರೆ ಎಂದು ನನಗನ್ನಿಸುವುದಿಲ್ಲ. ಹೆಸರಾದ ಕ್ಯಾಂಪಸ್ಸಿಗೆ ಅರ್ಜಿ ಉಕ್ಕಿ ಹರಿಯುತ್ತದೆ, ಹೊಸ ಕ್ಯಾಂಪಸ್ಸಿನಲ್ಲಿ ಸೀಟು ಖಾಲಿ ಉಳಿಯುತ್ತದೆ. ಇಲ್ಲಿ ಮಿಕ್ಕವರನ್ನು ಅಲ್ಲಿಗೆ ತಿರುಗಿಸುತ್ತಾರೆ. ಆದರೂ ನಿಮ್ಮ ಅನುಮಾನ ಎಲ್ಲಿಂದ ಬಂತೆಂದು ನನಗೆ ಗೊತ್ತು. ಐಐಟಿಗಾಗಿ ರಾಯಚೂರು ಬೀದಿಗಿಳಿದಿತ್ತು. 2016ರಲ್ಲಿ ಅದು ಧಾರವಾಡದಲ್ಲಿ ಆರಂಭವಾಯಿತು. 2019ರಲ್ಲಿ ನಮಗೆ ಐಐಐಟಿ, ಅಂದರೆ ಮಾಹಿತಿ ತಂತ್ರಜ್ಞಾನ ಸಂಸ್ಥೆ, ಬಂತು. ಏಮ್ಸ್ ಬೇಕೆಂದು 2022ರಲ್ಲಿ ಧರಣಿ ಕೂತ ಊರು ಇದು. ಕೇಳಿದ್ದೊಂದು, ಕೊಟ್ಟದ್ದೊಂದು ಎಂಬ ನೋವು ನಮ್ಮಲ್ಲಿ ಮನೆಮನೆಗೂ ಗೊತ್ತಿದೆ. ಇಲ್ಲಿ ಒಂದು ಮಾತು ನೆನಪಾಗುತ್ತದೆ. ರಾಯಚೂರು ಐಐಐಟಿಯ ಮೊದಲ ತಂಡದ ವಿದ್ಯಾರ್ಥಿಗಳು ಪಾಠ ಕೇಳಿದ್ದು ಹೈದರಾಬಾದ್ ಐಐಟಿಯ ಆವರಣದಲ್ಲಿ. ಅವರ ಪಾಲಿಗೂ ಹೆಸರಿನ ಊರು ಬೇರೆ, ಓದಿನ ಊರು ಬೇರೆಯಾಗಿತ್ತು. ಆದರೆ ಅದು ಗುಟ್ಟಾಗಿರಲಿಲ್ಲ. ಆ ವ್ಯವಸ್ಥೆ ತಾತ್ಕಾಲಿಕ, ಇಲ್ಲಿ ಜಾಗ ಸಿದ್ಧವಾಗುವವರೆಗೆ ಮಾತ್ರ ಎಂಬುದು ಎಲ್ಲರಿಗೂ ತಿಳಿದಿತ್ತು.

ನಿಮ್ಮ ಸೋದರಳಿಯ ಹೇಳಿದ್ದು ನಿಜ, ಅಮೆರಿಕದಲ್ಲಿ ಈ ಪದ್ಧತಿ ಹಳೆಯದು. ಟೆಕ್ಸಾಸ್ ವಿಶ್ವವಿದ್ಯಾಲಯ ಆಸ್ಟಿನ್ ಕ್ಯಾಂಪಸ್ಸಿನಲ್ಲಿ ಜಾಗ ಸಿಗದ ತನ್ನ ರಾಜ್ಯದ ವಿದ್ಯಾರ್ಥಿಗಳಿಗೆ, ಮೊದಲ ವರ್ಷ ನಮ್ಮದೇ ಬೇರೆ ಕ್ಯಾಂಪಸ್ಸಿನಲ್ಲಿ ಓದಿ ಎನ್ನುತ್ತದೆ. ಇಷ್ಟು ಕ್ರೆಡಿಟ್ ಮುಗಿಸಬೇಕು, ಸರಾಸರಿ ಅಂಕ ಇಷ್ಟಿರಬೇಕು, ಆಗ ಆಸ್ಟಿನ್‌ಗೆ ಬರಬಹುದು ಎಂಬ ಷರತ್ತನ್ನು ಅಂಕಿಗಳಲ್ಲಿ ಬರೆದು ಕೊಡುತ್ತದೆ. ಅಲ್ಲಿಯೂ ಮಕ್ಕಳು ಅಳುತ್ತಾರೆ, ತಂದೆ ತಾಯಿ ಸಿಟ್ಟಾಗುತ್ತಾರೆ; ಎಲ್ಲ ವಿಭಾಗಗಳಿಗೂ ಆ ಭರವಸೆ ಸಿಗುವುದಿಲ್ಲ ಎಂಬ ದೂರೂ ಇದೆ. ಆದರೂ ಅವರ ಕೈಯಲ್ಲಿ ಕಾಗದವಿರುತ್ತದೆ. ನಿಮಗೆ ಸಿಕ್ಕಿದ್ದು ಫೋನಿನಲ್ಲಿ ಆಡಿದ ಒಂದು ಮಾತು. ಅದೂ ‘ಬದಲಾಯಿಸಿಕೊಡುತ್ತೇವೆ’ ಎಂದಲ್ಲ, ‘ಬದಲಾಯಿಸಿಕೊಳ್ಳಬಹುದು’ ಎಂದು. ಎಷ್ಟು ಸೀಟು, ಎಷ್ಟು ಅಂಕ, ಯಾವ ವಿಭಾಗ, ಕಳೆದ ವರ್ಷ ಎಷ್ಟು ಜನ ಹಾಗೆ ಬಂದರು ಎಂದು ಅವರಿಗೆ ಇಮೇಲ್ ಬರೆಯಿರಿ. ಬರಹದಲ್ಲಿ ಉತ್ತರ ಬಾರದಿದ್ದರೆ ವರ್ಗಾವಣೆ ಇಲ್ಲವೆಂದೇ ತಿಳಿದು ಮುಂದಿನ ತೀರ್ಮಾನ ಮಾಡಿ.

ಆ ಕ್ಯಾಂಪಸ್ ಎಷ್ಟು ಗಟ್ಟಿ ಎಂದೂ ಕೇಳಿ. ಪೆನ್‌ಸಿಲ್ವೇನಿಯಾದ ಪೆನ್ ಸ್ಟೇಟ್ ವಿಶ್ವವಿದ್ಯಾಲಯ ತನ್ನ ಏಳು ಹೊರ ಕ್ಯಾಂಪಸ್ಸುಗಳನ್ನು 2027ರ ವಸಂತ ಸೆಮಿಸ್ಟರ್ ಬಳಿಕ ಮುಚ್ಚಲು 2025ರ ಮೇ ತಿಂಗಳಲ್ಲಿ ನಿರ್ಧರಿಸಿತು. ಅಷ್ಟು ದೂರ ಹೋಗುವುದೂ ಬೇಡ. 2023ರಲ್ಲಿ ಆರಂಭವಾದ ಕೊಪ್ಪಳ ವಿಶ್ವವಿದ್ಯಾಲಯದ ಹೆಸರು ಎರಡೇ ವರ್ಷದಲ್ಲಿ, ಮುಂದುವರಿಸಬೇಕೋ ಬೇಡವೋ ಎಂದು ಸರ್ಕಾರ ಯೋಚಿಸಿದ ಹೊಸ ವಿಶ್ವವಿದ್ಯಾಲಯಗಳ ಪಟ್ಟಿಯಲ್ಲಿ ಕಾಣಿಸಿಕೊಂಡಾಗ, ಅದರ ಕ್ಯಾಂಪಸ್ ಇರುವ ತಳಕಲ್‌ಗೆ ಬಸ್ ಹತ್ತುತ್ತಿದ್ದ ಮಕ್ಕಳಿಗೆ ಎಷ್ಟು ಕಳವಳವಾಗಿರಬೇಕು!

‘ಡಿಗ್ರಿ ಒಂದೇ’ ಎಂಬುದು ಸುಳ್ಳಲ್ಲ. 1998ರಲ್ಲಿ ಸ್ಥಾಪನೆಯಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಅಡಿಯ ಕಾಲೇಜುಗಳೆಲ್ಲ ಕೊಡುವುದು ಒಂದೇ ವಿಶ್ವವಿದ್ಯಾಲಯದ ಪದವಿ. ಹಾಗೆಂದು ಸಿಇಟಿ ಬರೆದ ಹುಡುಗ ಯಾವ ಕಾಲೇಜಾದರೂ ಸರಿ ಎನ್ನುತ್ತಾನೆಯೇ? ಅಧ್ಯಾಪಕರು ಎಷ್ಟು ಜನ, ಪ್ರಯೋಗಾಲಯ ಹೇಗಿದೆ, ಯಾವ ಕಂಪನಿಗಳು ಬರುತ್ತವೆ, ಮನೆ ಎಷ್ಟು ದೂರ ಎಂದು ಅಕ್ಕಪಕ್ಕದವರನ್ನೆಲ್ಲ ವಿಚಾರಿಸಿ ಆಪ್ಷನ್ ಎಂಟ್ರಿ ಮಾಡುತ್ತಾನೆ, ಅಂದರೆ ತನಗೆ ಬೇಕಾದ ಕಾಲೇಜುಗಳನ್ನು ಕ್ರಮವಾಗಿ ಬರೆಯುತ್ತಾನೆ. ಸಿಇಟಿ ನಡೆಸುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಬಗ್ಗೆ ನೂರು ದೂರುಗಳಿರಬಹುದು, ನಾನೇ ಈ ಪುಟದಲ್ಲಿ ಕೆಲವನ್ನು ಬರೆದಿದ್ದೇನೆ. ಆದರೆ ಅಲ್ಲಿ ಹುಡುಗ ಬರೆಯದ ಕಾಲೇಜು ಅವನಿಗೆ ಬರುವುದಿಲ್ಲ. ಅಣಕು ಹಂಚಿಕೆ ನೋಡಿ ಪಟ್ಟಿ ತಿದ್ದಬಹುದು. ಸೀಟು ಬಂದ ಮೇಲೂ ಒಪ್ಪಿ ಸೇರಲು, ಒಪ್ಪಿಕೊಂಡೇ ಮುಂದಿನ ಸುತ್ತಿಗೆ ಕಾಯಲು, ಬಿಟ್ಟು ಕಾಯಲು, ಹೊರಬರಲು ನಾಲ್ಕು ಚಾಯ್ಸ್ ಇವೆ.

ನಿಮ್ಮ ಮಗಳು ಸಿಇಟಿ ಬರೆದಿದ್ದಾಳೆ, ‘ರ‍್ಯಾಂಕ್ ದೂರ ಬಂದಿದೆ’ ಎಂದು ಕೈಬಿಟ್ಟಿದ್ದೀರಿ. ದಯವಿಟ್ಟು ಬಿಡಬೇಡಿ. ಸಂವಿಧಾನದ 371(ಜೆ) ವಿಧಿಯಡಿ ನಮ್ಮ ಕಲ್ಯಾಣ ಕರ್ನಾಟಕ ಭಾಗದ ವಿದ್ಯಾಸಂಸ್ಥೆಗಳಲ್ಲಿ ಶೇ 70, ರಾಜ್ಯದ ಉಳಿದೆಡೆ ಶೇ 8ರಷ್ಟು ಸೀಟುಗಳು ಸ್ಥಳೀಯರಿಗೆ ಮೀಸಲು. ಸಾಮಾನ್ಯ ಪಟ್ಟಿಯಲ್ಲಿ ದೂರ ಕಾಣುವ ರ‍್ಯಾಂಕಿಗೆ ಇಲ್ಲಿ ಬಾಗಿಲು ತೆರೆಯುವುದನ್ನು ಪ್ರತಿ ವರ್ಷ ಕಂಡಿದ್ದೇನೆ. ಹೊರರಾಜ್ಯದ ಖಾಸಗಿ ಕ್ಯಾಂಪಸ್ಸಿನಲ್ಲಿ ಈ ಹಕ್ಕು ನಡೆಯುವುದಿಲ್ಲ.

ಇನ್ನು ಹಣದ ಮಾತು. ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2024–25ನೇ ಸಾಲಿಗೆ ಹೊರಡಿಸಿದ ನಿಯಮದ ಪ್ರಕಾರ ಸೆಪ್ಟೆಂಬರ್ 30ರೊಳಗೆ ಪ್ರವೇಶ ರದ್ದು ಮಾಡಿದರೆ ಪೂರ್ತಿ ಶುಲ್ಕ, ಅಕ್ಟೋಬರ್ 31ರೊಳಗೆ ಮಾಡಿದರೆ ಹೆಚ್ಚೆಂದರೆ 1,000 ರೂಪಾಯಿ ಕಳೆದು ಉಳಿದದ್ದನ್ನು ವಾಪಸ್ ಕೊಡಬೇಕಿತ್ತು. ದಿನಾಂಕ ಆಯಾ ವರ್ಷದ ಸುತ್ತೋಲೆಯಲ್ಲಿರುತ್ತದೆ. ಈ ವರ್ಷದ್ದನ್ನು ಯುಜಿಸಿ ಜಾಲತಾಣದಲ್ಲಿ ನೋಡಿಕೊಳ್ಳಿ. ರದ್ದು ಮಾಡುವ ಮನಸ್ಸಾದರೆ ಫೋನಿನಲ್ಲಿ ಹೇಳಿ ಸುಮ್ಮನಾಗಬೇಡಿ, ಇಮೇಲ್ ಕಳಿಸಿ ದಿನಾಂಕ ಉಳಿಸಿಕೊಳ್ಳಿ. ಮೂಲ ಅಂಕಪಟ್ಟಿ, ವರ್ಗಾವಣೆ ಪ್ರಮಾಣಪತ್ರಗಳನ್ನು ಅವರಲ್ಲಿ ಬಿಡಬೇಡಿ. ಪರಿಶೀಲಿಸಿ ಹಿಂದಿರುಗಿಸಬೇಕೇ ಹೊರತು ಇಟ್ಟುಕೊಳ್ಳುವಂತಿಲ್ಲ. ಸತಾಯಿಸಿದರೆ ವಿಶ್ವವಿದ್ಯಾಲಯದ ವಿದ್ಯಾರ್ಥಿ ಕುಂದುಕೊರತೆ ಸಮಿತಿಗೆ ಬರೆಯಿರಿ. ಯುಜಿಸಿಯ 2023ರ ನಿಯಮಾವಳಿಯಂತೆ ಅದು 15 ಕೆಲಸದ ದಿನಗಳಲ್ಲಿ ವರದಿ ಕೊಡಬೇಕು. ಅಲ್ಲಿ ನ್ಯಾಯ ಸಿಗದಿದ್ದರೆ ಮೇಲ್ಮನವಿಗೆ ಒಂಬುಡ್ಸ್‌ಪರ್ಸನ್, ಅಂದರೆ ದೂರು ವಿಚಾರಿಸುವ ಅಧಿಕಾರಿ, ಇದ್ದಾರೆ. ಗ್ರಾಹಕ ಸಹಾಯವಾಣಿ 1915ಕ್ಕೂ ಕರೆ ಮಾಡಬಹುದು.

ಪ್ರವೇಶ ಆರಂಭಕ್ಕೆ ಕನಿಷ್ಠ 60 ದಿನ ಮೊದಲು ಮಾಹಿತಿ ಪುಸ್ತಕ ಪ್ರಕಟಿಸಬೇಕೆಂದು ಅದೇ ನಿಯಮಾವಳಿ ಹೇಳುತ್ತದೆ. ಪೋಷಕರಿಗೆ ಓದಿ ಯೋಚಿಸಲು ಕಾಲ ಸಿಗಲಿ ಎಂದೇ ಈ ಅರವತ್ತು ದಿನ ಎಂದು ನಾನು ನಂಬಿದ್ದೇನೆ. ಕೇಳದ ಊರಿನ ಸೀಟು ಕೊಟ್ಟು ಮೂರು ದಿನದಲ್ಲಿ ಹಣ ಕೇಳುವುದು ಆ ಉದ್ದೇಶವನ್ನೇ ಮಣ್ಣುಪಾಲು ಮಾಡುತ್ತದೆ. ನನಗೆ ಸಿಟ್ಟು ಬಂದಿರುವುದು ಇದರ ಮೇಲೆ. ‘ಮೂಲ ಕ್ಯಾಂಪಸ್ಸಿನಲ್ಲಿ ಸೀಟಿಲ್ಲ, ಇಂಥ ಊರಿನಲ್ಲಿದೆ, ಬರುತ್ತೀಯಾ?’ ಎಂದು ಮೊದಲ ಸಾಲಿನಲ್ಲಿ ದಪ್ಪ ಅಕ್ಷರಗಳಲ್ಲಿ ಕೇಳಿದ್ದರೆ ಇಷ್ಟು ಹೊತ್ತಿಗೆ ನೀವು ಮನೆಯಲ್ಲಿ ಕೂತು ಮಾತಾಡಿ, ಹೌದು ಅಥವಾ ಇಲ್ಲ ಎಂದು ಹೇಳಿ ಮುಗಿಸಿರುತ್ತಿದ್ದಿರಿ.

ನಿಮ್ಮ ಕಾಗದದ ಕೊನೆಗೆ, ಬೇರೆ ಶಾಯಿಯಲ್ಲಿ, ಮುದ್ದಾದ ಅಕ್ಷರಗಳಲ್ಲಿ ಇನ್ನೊಂದು ಸಾಲಿದೆ. ನೀವು ಅದನ್ನು ಗಮನಿಸಿದ್ದೀರೋ ಇಲ್ಲವೋ. ‘ಸರ್, ಹುಡುಗಿಯರ ಹಾಸ್ಟೆಲ್ ಎಲ್ಲಿದೆ ಎಂದು ಯಾರೂ ಹೇಳುತ್ತಿಲ್ಲ.’

ಮಗಳೇ, ಅವರ ಪ್ರವೇಶ ವಿಭಾಗಕ್ಕೆ ನಾನೇ ಫೋನ್ ಮಾಡಿದೆ. ಮೂವರು ಫೋನನ್ನು ಒಬ್ಬರಿಂದ ಒಬ್ಬರಿಗೆ ದಾಟಿಸಿದ ಮೇಲೆ ಉತ್ತರ ಸಿಕ್ಕಿತು. ಹಾಸ್ಟೆಲ್ ಈಗ ಬಾಡಿಗೆ ಕಟ್ಟಡದಲ್ಲಿದೆ, ಕ್ಯಾಂಪಸ್ಸಿನಿಂದ ಹನ್ನೊಂದು ಕಿಲೋಮೀಟರ್ ದೂರ. ಬೆಳಿಗ್ಗೆ ಏಳೂಕಾಲಕ್ಕೆ ಒಂದು ಬಸ್, ಸಂಜೆ ಐದೂವರೆಗೆ ವಾಪಸ್. ಗ್ರಂಥಾಲಯ ರಾತ್ರಿ ಎಂಟರವರೆಗೆ ತೆರೆದಿರುತ್ತದೆ ಎಂದು ಅವರ ಪುಸ್ತಕದಲ್ಲಿದೆ. ಹಾಗಾದರೆ ಸಂಜೆ ಅಲ್ಲೇ ಓದುವ ಹುಡುಗಿ ಹಾಸ್ಟೆಲಿಗೆ ಮರಳುವುದು ಹೇಗೆ ಎಂದು ಕೇಳಿದೆ. ವಿಚಾರಿಸಿ ಹೇಳುತ್ತೇವೆ, ಕೋಣೆಗಳ ಫೋಟೊ ಕೂಡ ಕಳಿಸುತ್ತೇವೆ ಎಂದರು. ಈ ಸಂಚಿಕೆ ಮುದ್ರಣಕ್ಕೆ ಹೋಗುವವರೆಗೆ ಏನೂ ಬಂದಿಲ್ಲ. ಬಂದ ದಿನವೇ ನಿಮ್ಮ ತಂದೆಯ ಮೊಬೈಲಿಗೆ ಕಳಿಸುತ್ತೇನೆ.