ಕಿಡ್ನಿ ಕಾಯಿಲೆ ಇರುವ ಮಗುವಿಗೆ ಆಂಟಿಆಕ್ಸಿಡೆಂಟ್ ಪುಡಿ ಕೊಡಬಹುದೇ?

ಎಂಟು ವರ್ಷದ ಮಗನಿಗೆ ಕಿಡ್ನಿ ಕಾಯಿಲೆ ಮೂರನೇ ಹಂತದಲ್ಲಿದೆ, 'ಆಕ್ಸಿಡೇಟಿವ್ ಸ್ಟ್ರೆಸ್' ಇಳಿಯುತ್ತದೆ ಅಂತ ನೆಂಟರು ಒಂದು ಪುಡಿ ತಂದಿದ್ದಾರೆ, ಜೊತೆಗೆ ದಿನಾ ನೆಲ್ಲಿಕಾಯಿ ರಸ ಕುಡಿಸಿ ಅಂದಿದ್ದಾರೆ, ಕೊಡಲೇ ಅಂತ ಕೇಳಿದ್ದೀರಿ. ನಾನು ಮಕ್ಕಳ ಕಿಡ್ನಿ ವಿಭಾಗದಲ್ಲಿ ಡಯಟೀಷಿಯನ್. ನನ್ನ ಉತ್ತರ: ಎರಡೂ ಬೇಡ.

ನೆಂಟರು ಹೇಳಿದ ತೊಂದರೆ ಸುಳ್ಳಲ್ಲ. ದೇಹದಲ್ಲಿ ಹುಟ್ಟುವ ಆಮ್ಲಜನಕದ ಕೆಲವು ಉಗ್ರ ರೂಪಗಳು ಜೀವಕೋಶದ ಕೊಬ್ಬು, ಪ್ರೋಟೀನುಗಳನ್ನು ಕೆಡಿಸುತ್ತವೆ. ಆಕ್ಸಿಡೇಟಿವ್ ಸ್ಟ್ರೆಸ್ ಅಂದರೆ ಇದೇ. ಅವುಗಳ ಕಾವು ಇಳಿಸುವ ಗ್ಲುಟಾಥಯೋನ್ ಪೆರಾಕ್ಸಿಡೇಸ್ ಎಂಬ ಕಿಣ್ವವಿದೆ. ರಕ್ತದಲ್ಲಿ ಹರಿಯುವ ಅದರ ಬಹುಪಾಲು ತಯಾರಾಗುವುದೇ ಕಿಡ್ನಿಯಲ್ಲಿ. ಕಿಡ್ನಿ ಸೋತಂತೆ ಅದೂ ಕಡಿಮೆಯಾಗುತ್ತದೆ. ಹೊರಹೋಗದ ಕಲ್ಮಶ, ಬಿಪಿ, ಪದೇಪದೇ ಬರುವ ಸೋಂಕು ಈ ಹಾನಿಯನ್ನು ಇನ್ನಷ್ಟು ಹೆಚ್ಚಿಸುತ್ತವೆ.

ಈಗ ಆ ಡಬ್ಬಿ ತಿರುಗಿಸಿ, ಹಿಂದಿನ ಸಣ್ಣಕ್ಷರ ಓದಿ. ವಿಟಮಿನ್ ಎ ಇದೆಯಾ? ಈ ಮಕ್ಕಳ ರಕ್ತದಲ್ಲಿ ಅದು ಸಾಮಾನ್ಯವಾಗಿ ಮೊದಲೇ ಹೆಚ್ಚಿರುತ್ತದೆ. ಮೇಲೆ ಇನ್ನಷ್ಟು ಸುರಿದರೆ ಕ್ಯಾಲ್ಸಿಯಂ ಏರಬಹುದು. ವಿಟಮಿನ್ ಸಿ ಅತಿಯಾದರೆ ಆಕ್ಸಲೇಟ್ ಎಂಬ ಲವಣವಾಗಿ ಕಿಡ್ನಿಯಲ್ಲೇ ಕೂರಬಹುದು. ದಿನಾ ಲೋಟ ತುಂಬ ನೆಲ್ಲಿಕಾಯಿ ರಸ ಬೇಡ ಅನ್ನುವುದು ಇದಕ್ಕೇ. ಊಟದ ಜೊತೆ ಒಂದು ಹೋಳು ತಿಂದರೆ ನನ್ನ ಆಕ್ಷೇಪವಿಲ್ಲ. ಪೊಟ್ಯಾಸಿಯಂ, ಫಾಸ್ಫೇಟ್ ಹೆಸರು ಕಂಡರಂತೂ ಪುಡಿ ವಾಪಸ್ ಕೊಟ್ಟುಬಿಡಿ. ಅಂದಹಾಗೆ, 'ಹಣ್ಣು ತಾನೇ' ಅಂತ ಧಾರೆಹುಳಿ (ಸ್ಟಾರ್ ಫ್ರೂಟ್) ಮಾತ್ರ ಎಂದೂ ಕೊಡಬೇಡಿ. ಕಿಡ್ನಿ ಸರಿಯಿಲ್ಲದವರಲ್ಲಿ ಅದು ನಿಲ್ಲದ ಬಿಕ್ಕಳಿಕೆ, ಫಿಟ್ಸ್ ತನಕ ಒಯ್ಯಬಹುದು.

ವಿಟಮಿನ್ ಇ ಪರವಾಗಿ 2000ದಲ್ಲಿ ಬಂದ ಒಂದು ಅಧ್ಯಯನವನ್ನು ಕೆಲವರು ತೋರಿಸುತ್ತಾರೆ. ಅದರಲ್ಲಿದ್ದವರು ಡಯಾಲಿಸಿಸ್‌ನಲ್ಲಿದ್ದ, ಮೊದಲೇ ಹೃದ್ರೋಗವಿದ್ದ ದೊಡ್ಡವರು. ಅದನ್ನು ನಿಮ್ಮ ಮಗನಿಗೆ ಅನ್ವಯಿಸುವುದು ಸರಿಯಲ್ಲ.

ಮಕ್ಕಳಲ್ಲೇ ಸಾಬೀತಾದದ್ದು ಬೇರೆ ಇದೆ. 2009ರಲ್ಲಿ ಪ್ರಕಟವಾದ ಯುರೋಪಿನ ಎಸ್ಕೇಪ್ ಅಧ್ಯಯನದಲ್ಲಿ 385 ಮಕ್ಕಳಿದ್ದರು, ಎಲ್ಲರಿಗೂ ರಾಮಿಪ್ರಿಲ್ ಎಂಬ ಬಿಪಿ ಔಷಧಿ ಕೊಟ್ಟಿದ್ದರು. ಬಿಪಿಯನ್ನು ಹೆಚ್ಚು ಬಿಗಿಯಾಗಿ ಹಿಡಿದಿಟ್ಟ ಗುಂಪಿನಲ್ಲಿ ಐದು ವರ್ಷದಲ್ಲಿ ಕಿಡ್ನಿ ತೀರಾ ಕುಸಿದವರು ಸುಮಾರು 30 ಶೇಕಡಾ, ಇನ್ನೊಂದರಲ್ಲಿ ಸುಮಾರು 42. ರಾಮಿಪ್ರಿಲ್ ತಡೆಯುವುದು ಬಿಪಿ ಏರಿಸುವ ಆಂಜಿಯೋಟೆನ್ಸಿನ್ ಎಂಬ ಹಾರ್ಮೋನನ್ನು; ಅದು ಆ ಉಗ್ರ ಆಮ್ಲಜನಕ ಹುಟ್ಟಿಸುವುದರಲ್ಲೂ ಎತ್ತಿದ ಕೈ. ಹಾಗಾಗಿ ಮುಂದಿನ ಭೇಟಿಯಲ್ಲಿ ಪುಡಿಯ ಮಾತಿಗಿಂತ ಬಿಪಿ ಗುರಿ ಎಷ್ಟು, ಹಿಮೋಗ್ಲೋಬಿನ್ ಎಷ್ಟು, ರಕ್ತದ ಆಮ್ಲವನ್ನು ಹದದಲ್ಲಿಡುವ ಬೈಕಾರ್ಬನೇಟ್ ಎಷ್ಟು ಅಂತ ಕೇಳಿ.

ಪುಡಿ ಈಗಾಗಲೇ ಶುರು ಮಾಡಿದ್ದರೆ ನಿಲ್ಲಿಸಿ, ಡಾಕ್ಟರಿಗೆ ಮುಚ್ಚಿಡದೆ ಹೇಳಿ. ಬೈಯ್ಯಬಹುದು, ಆದರೆ ಪೊಟ್ಯಾಸಿಯಂ, ಕ್ಯಾಲ್ಸಿಯಂ ಪರೀಕ್ಷೆ ಅವತ್ತೇ ಬರೆಯುತ್ತಾರೆ.