ಸಂಪಾದಕರ ಉತ್ತರ: ಮೊದಲು ಕೊಳದ ಅಂಚಿನಲ್ಲಿ ನಿಲ್ಲು

(ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಪದವಿ ವಿದ್ಯಾರ್ಥಿನಿಯೊಬ್ಬಳು ಬರೆದಿದ್ದಾಳೆ: "ಮನೆ ಹತ್ತಿರದ ಮದಕದಲ್ಲಿ (ಕೆರೆಯಲ್ಲಿ) ಈಜು ಕಲಿತೆ. ಜಿಲ್ಲಾ ಮಟ್ಟದವರೆಗೆ ಹೋದೆ, ಮುಂದಕ್ಕೆ ಆಗಲಿಲ್ಲ. ಕಳೆದ ಸಂಚಿಕೆಯಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಅಧ್ಯಕ್ಷೆಯಾದ ಜಿಂಬಾಬ್ವೆಯ ಈಜುಗಾರ್ತಿ ಕರ್ಸ್ಟಿ ಕೊವೆಂಟ್ರಿ ಬಗ್ಗೆ ಓದಿದ ಮೇಲೆ ಈಜಿನ ಆಡಳಿತದಲ್ಲೇ ಕೆಲಸ ಮಾಡಬೇಕು ಅನ್ನಿಸಿದೆ. ಅಪ್ಪ 'ಈಜಿದರೆ ಹೊಟ್ಟೆ ತುಂಬುತ್ತದಾ?' ಅಂತಾರೆ. ಪದಕ ಇಲ್ಲದ, ಕನ್ನಡ ಶಾಲೆಯಲ್ಲಿ ಕಲಿತ ನನ್ನಂಥವಳಿಗೆ ಅಲ್ಲಿ ಜಾಗ ಇದೆಯಾ?" ಹೆಸರು ಹಾಕಬೇಡಿ ಅಂದಿದ್ದಾಳೆ.)

ಇದೆ ಮಗಳೇ. ನಿನ್ನ ವಯಸ್ಸಿನ ಮಗಳು ನನಗೂ ಇದ್ದಾಳೆ, ಹಾಗಾಗಿ ಏಕವಚನದಲ್ಲೇ ಬರೆಯುತ್ತೇನೆ.

ನಿನ್ನ ಕಾಗದ ಓದುವಾಗ ಹಳೆಯದೊಂದು ದಿನ ನೆನಪಾಯಿತು. ಮಕ್ಕಳ ಈಜು ಸ್ಪರ್ಧೆಯ ವರದಿಗೆ ಹೋಗಿದ್ದೆ. ನಮ್ಮ ಕಡೆಯ ಹುಡುಗಿಯೊಬ್ಬಳು ಬ್ರೆಸ್ಟ್‌ಸ್ಟ್ರೋಕ್‌ನಲ್ಲಿ ಎಲ್ಲರಿಗಿಂತ ಮುಂದೆ ಬಂದಳು. ಆದರೆ ಫಲಿತಾಂಶದಲ್ಲಿ ಅವಳ ಹೆಸರೇ ಇಲ್ಲ. ತಿರುಗುವಾಗ ಗೋಡೆಯನ್ನು ಒಂದೇ ಕೈಯಲ್ಲಿ ಮುಟ್ಟಿದ್ದಳಂತೆ. ಎರಡೂ ಕೈ ಒಟ್ಟಿಗೆ ತಾಗಬೇಕು ಅನ್ನುವುದು ನಿಯಮ. ಅಧಿಕಾರಿ ಮಾಡಿದ್ದು ಸರಿಯೇ. ಆದರೆ ಅದನ್ನು ಆ ಮಗುವಿಗೆ ಯಾರೂ ಹೇಳಲಿಲ್ಲ. ಅವಳು ಕನ್ನಡದಲ್ಲಿ ಕೇಳಿದಳು, ಮೇಜಿನ ಹಿಂದಿದ್ದವರು ಮಲಯಾಳದಲ್ಲಿ ಏನೋ ಅಂದು ಮುಂದಿನ ಸ್ಪರ್ಧೆಗೆ ಹೊರಟರು. ಒದ್ದೆಯಾಗಿ ಶಾಯಿ ಹರಡಿದ್ದ ಫಲಿತಾಂಶದ ಚೀಟಿಯನ್ನು ಅವಳು ಟವೆಲ್ ಹೊದ್ದುಕೊಂಡು ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು. ಮದಕದಲ್ಲಿ ಈಜಿದವಳಿಗೆ ಗೋಡೆಯ ನಿಯಮ ಎಲ್ಲಿಂದ ಗೊತ್ತಿರಬೇಕು ಹೇಳು? ಅವತ್ತು ಆ ಮೇಜಿನ ಹಿಂದೆ ನಿನ್ನಂಥವಳೊಬ್ಬಳು ಇರಬೇಕಿತ್ತು.

ಆಡಳಿತ ಅಂದರೆ ನನಗೆ ಮೊದಲು ಕಾಣುವುದು ಆ ಮೇಜು. ಒಲಿಂಪಿಕ್ ಸಮಿತಿ ಇರುವ ಲೌಸಾನ್‌ನ ಕಚೇರಿ, ಕೋಟು, ಟೈ ಎಲ್ಲ ಆಮೇಲೆ. ಜಾಗತಿಕ ಈಜು ಒಕ್ಕೂಟ ಶುರುವಾದದ್ದೂ ಇಂಥದೇ ಗೊಂದಲ ಬಗೆಹರಿಸಲು. 1908ರಲ್ಲಿ ಲಂಡನ್ ಒಲಿಂಪಿಕ್ಸ್ ನಡೆಯುತ್ತಿರುವಾಗಲೇ ಎಂಟು ದೇಶಗಳವರು ಕೂತು ಎಲ್ಲರಿಗೂ ಒಂದೇ ನಿಯಮ ಇರಲಿ ಅಂತ ಫಿನಾ ಕಟ್ಟಿದರು. ಈಗ ಅದರ ಹೆಸರು ವರ್ಲ್ಡ್ ಅಕ್ವಾಟಿಕ್ಸ್.

ಒಂದು ನಿಯಮ ಎಷ್ಟು ದೂರ ಹೋಗುತ್ತದೆ ನೋಡು. 1972ರ ಮ್ಯೂನಿಕ್ ಒಲಿಂಪಿಕ್ಸ್, ಪುರುಷರ 400 ಮೀಟರ್ ಮೆಡ್ಲೆ, ಅಂದರೆ ನಾಲ್ಕೂ ಶೈಲಿಯಲ್ಲಿ ಈಜುವ ಸ್ಪರ್ಧೆ. ಸ್ವೀಡನ್ನಿನ ಗುನ್ನಾರ್ ಲಾರ್ಸನ್, ಅಮೆರಿಕದ ಟಿಮ್ ಮೆಕ್ಕೀ, ಇಬ್ಬರದೂ 4 ನಿಮಿಷ 31.98 ಸೆಕೆಂಡು. ಆಗ ಸೆಕೆಂಡನ್ನು ಸಾವಿರ ಪಾಲು ಮಾಡಿ ನೋಡಿದರು. ಲಾರ್ಸನ್ ಎರಡು ಪಾಲು ಮುಂದೆ ಇದ್ದರು, ಚಿನ್ನ ಅವರಿಗೆ ಹೋಯಿತು. ನೀರಿನಲ್ಲಿ ಅದು ಸುಮಾರು ಮೂರು ಮಿಲಿಮೀಟರ್. ಎಂಟು ಲೇನಿನ ಗೋಡೆಯನ್ನು ಅಷ್ಟು ಕರಾರುವಾಕ್ಕಾಗಿ ಯಾವ ಮೇಸ್ತ್ರಿ ಕಟ್ಟಿಯಾನು? ಆಮೇಲೆ ನಿಯಮ ಬದಲಾಯಿತು. ಸೆಕೆಂಡಿನ ನೂರನೇ ಪಾಲಿನವರೆಗೆ ಲೆಕ್ಕ ಸಾಕು, ಸಮ ಬಂದರೆ ಪದಕವೂ ಸಮ. 2016ರ ರಿಯೊದಲ್ಲಿ 100 ಮೀಟರ್ ಬಟರ್‌ಫ್ಲೈನಲ್ಲಿ ಅಮೆರಿಕದ ಮೈಕೆಲ್ ಫೆಲ್ಪ್ಸ್ ಸೇರಿ ಮೂವರು ಒಂದೇ ಸಮಯಕ್ಕೆ ಗೋಡೆ ಮುಟ್ಟಿದರು, ಮೂವರಿಗೂ ಬೆಳ್ಳಿ ಸಿಕ್ಕಿತು. ಮೇಜಿನ ಮುಂದೆ ಕೂತು ಯಾರೋ ತಲೆ ಕೆಡಿಸಿಕೊಂಡಿದ್ದರಿಂದ ಆದದ್ದು ಅದು.

ಇನ್ನೊಂದು ಹೇಳಲೇಬೇಕು. ಗಂಡಸರ 1500 ಮೀಟರ್ ಈಜು 1908ರಿಂದಲೂ ಒಲಿಂಪಿಕ್ಸ್‌ನಲ್ಲಿತ್ತು. ಹೆಂಗಸರಿಗೆ ಅದು ಸಿಕ್ಕಿದ್ದು 2021ರಲ್ಲಿ ನಡೆದ ಟೋಕಿಯೊ ಕೂಟದಲ್ಲಿ. ಈಜುವ ಹೆಂಗಸರು ಮೊದಲೇ ಇದ್ದರು. ತೀರ್ಮಾನ ಮಾಡುವ ಕಡೆ ಅವರು ಜಾಸ್ತಿ ಇರಲಿಲ್ಲ. ನೀನು ಅಲ್ಲಿಗೆ ಹೋಗಬೇಕು ಅಂತ ನಾನು ಒತ್ತಾಯಿಸುವುದು ಇದಕ್ಕೇ.

ಕೊವೆಂಟ್ರಿ ಏಳು ಒಲಿಂಪಿಕ್ ಪದಕ ಗೆದ್ದವರು, ನಿಜ. ಆದರೆ ಅವರು ಪದಕ ತೋರಿಸಿ ನೇರ ಕುರ್ಚಿಗೆ ಹೋಗಲಿಲ್ಲ. 2013ರಿಂದ ಒಲಿಂಪಿಕ್ ಸಮಿತಿಯಲ್ಲಿ ಕ್ರೀಡಾಪಟುಗಳ ಪರ ಕೂತರು, 2018ರಲ್ಲಿ ಜಿಂಬಾಬ್ವೆಯ ಕ್ರೀಡಾ ಸಚಿವೆಯಾದರು, 2025ರ ಮಾರ್ಚ್‌ನಲ್ಲಿ ಸಮಿತಿಯ ಅಧ್ಯಕ್ಷೆಯಾಗಿ ಆಯ್ಕೆಯಾದರು. ಆ ಕುರ್ಚಿಯಲ್ಲಿ ಕೂತ ಮೊದಲ ಮಹಿಳೆ. ಇನ್ನೊಂದು ಕಡೆ ಕಾರ್ನೆಲ್ ಮಾರ್ಕುಲೆಸ್ಕು ಇದ್ದಾರೆ, ರುಮೇನಿಯಾದ ವಾಟರ್ ಪೋಲೊ ಆಟಗಾರ. ಫಿನಾದ ದಿನನಿತ್ಯದ ಆಡಳಿತವನ್ನು 1986ರಿಂದ 35 ವರ್ಷ ನಡೆಸಿದರು. ಈಜಿನವರನ್ನು ಬಿಟ್ಟರೆ ಅವರ ಹೆಸರು ಎಷ್ಟು ಜನ ಕೇಳಿದ್ದಾರೆ?

ಇನ್ನು ಅಪ್ಪನ ಪ್ರಶ್ನೆ. ಅವರು ಕೇಳಿದ್ದರಲ್ಲಿ ತಪ್ಪಿಲ್ಲ. ಸಮಯ ನೋಡುವವರು, ತಿರುವು ನೋಡುವವರು, ರೆಫರಿ, ಇವರಿಗೆ ಸಿಗುವುದು ಹೆಚ್ಚಾಗಿ ಭತ್ಯೆ ಅಷ್ಟೇ. ಅದನ್ನು ನಂಬಿ ಮನೆ ನಡೆಸಲು ಆಗುವುದಿಲ್ಲ. ಬೇರೆ ಉದ್ಯೋಗ ಇಟ್ಟುಕೊಂಡೇ ಇದನ್ನು ಮಾಡಬೇಕು. ಪದವಿ ಮುಗಿಸಿ ದೈಹಿಕ ಶಿಕ್ಷಣ ಓದು. ಕಣ್ಣೂರು ವಿಶ್ವವಿದ್ಯಾಲಯದ ಮಾಂಗಾಟ್ಟುಪರಂಬ ಕ್ಯಾಂಪಸ್‌ನಲ್ಲಿ ಆ ವಿಭಾಗ ಇದೆ, ದೂರವೇನಲ್ಲ. ಕೋಚ್ ಆಗುವ ಆಸೆ ಬಂದರೆ ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ (ಎನ್.ಐ.ಎಸ್.) ಡಿಪ್ಲೊಮಾ ಇದೆ. ಇದಿಷ್ಟನ್ನು ಅಪ್ಪನಿಗೆ ಓದಿ ಹೇಳು.

ಕನ್ನಡ ಶಾಲೆ ಅಂತ ಯಾಕೆ ಕುಗ್ಗುತ್ತೀಯಾ? ನಮ್ಮ ಮಕ್ಕಳು ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳ ಮಾತಾಡುತ್ತಾರೆ. ಹತ್ತು ಕಡೆಯ ಮಕ್ಕಳು ಸೇರುವ ಕೊಳದ ಹತ್ತಿರ ಅದಕ್ಕಿಂತ ದೊಡ್ಡ ಅರ್ಹತೆ ಯಾವುದಿದೆ? ಇಂಗ್ಲಿಷ್ ಮಾತ್ರ ಬಿಡಬೇಡ, ನಿಯಮದ ಪುಸ್ತಕ ಇರುವುದು ಅದರಲ್ಲೇ. ದಿನಕ್ಕೊಂದು ಪುಟ ಓದಿ, ಅರ್ಥವಾದದ್ದನ್ನು ಕನ್ನಡದಲ್ಲಿ ಬರೆದಿಡು.

ಮುಂದಿನ ಜಿಲ್ಲಾ ಸ್ಪರ್ಧೆಗೆ ಸ್ಟಾಪ್‌ವಾಚ್ ಹಿಡಿಯಲು ಬರುತ್ತೇನೆ ಅಂತ ಈಜು ಸಂಘದವರಿಗೆ ಒಂದು ಕಾಗದ ಹಾಕು. ಒಂದು ಲೇನಿಗೆ ಮೂರು ಜನ ಸಮಯ ನೋಡುವಲ್ಲಿ ಮೂರೂ ಬೇರೆ ಬೇರೆ ಬಂದರೆ ನಡುವಿನದೇ ಲೆಕ್ಕಕ್ಕೆ. ಮನೆಯಲ್ಲೇ ತಮ್ಮ ತಂಗಿಯರನ್ನು ಓಡಿಸಿ ಕೈ ಪಳಗಿಸಿಕೋ. ಕಾಗದವನ್ನು ಮಲಯಾಳದಲ್ಲಿ ಬರೆಯಲು ಕಷ್ಟವಾದರೆ ನಮಗೆ ಕಳಿಸು, ತಿದ್ದಿ ಕೊಡುತ್ತೇವೆ.