ಸ್ಪೋರ್ಟ್ಸ್ ಕಾರಿಗೆ ಫಿಕ್ಸೆಡ್ ಬಕೆಟ್ ಸೀಟು: ಹಳೆಯ ತೂತುಗಳಿಗೇ ಕೂರುತ್ತದೆಯೇ? ಏರ್‌ಬ್ಯಾಗ್ ದೀಪ, ಹಾರ್ನೆಸ್ ಕಥೆ ಏನು?

ನೀವು ಕೇಳಿರುವುದು ಮೂರು ಸಂಗತಿ. ಎರಡು ಸೀಟಿನ ಕಾರಿನಲ್ಲಿ ಕಂಪನಿ ಸೀಟು ತೆಗೆದು ಬೆನ್ನು ಬಾಗದ ಬಕೆಟ್ ಸೀಟು ಹಾಕಿದರೆ ಅದು ಹಳೆಯ ತೂತುಗಳಿಗೇ ಕೂರುತ್ತದೆಯೇ, ಏರ್‌ಬ್ಯಾಗ್ ದೀಪ ಹತ್ತಿಕೊಂಡರೆ ಏನು ಮಾಡಬೇಕು, ಜೊತೆಗೆ ನಾಲ್ಕು ಪಟ್ಟಿಯ ಹಾರ್ನೆಸ್ (ಎರಡೂ ಭುಜ, ಸೊಂಟವನ್ನು ಬಿಗಿಯುವ ರೇಸ್ ಬೆಲ್ಟು) ಹಾಕಬಹುದೇ ಎಂದು. ಮೊದಲ ಎರಡಕ್ಕೆ ದಾರಿ ಇದೆ. ಮೂರನೆಯದಕ್ಕೆ, ರಸ್ತೆಯ ಮೇಲೆ ಓಡಿಸುವ ಕಾರಾದರೆ, ಬೇಡ ಎನ್ನುತ್ತೇನೆ. ಕಾರಣ ಮುಂದೆ ಹೇಳುತ್ತೇನೆ.

ಸೀಟು ನೇರವಾಗಿ ನೆಲಕ್ಕೆ ಕೂರುವುದಿಲ್ಲ. ಬಕೆಟ್ ಸೀಟಿನ ಎರಡೂ ಪಕ್ಕದಲ್ಲಿ ಸಾಮಾನ್ಯವಾಗಿ ಎಂ8 (8 ಮಿ.ಮೀ. ಬೋಲ್ಟಿನ) ಥ್ರೆಡ್ಡಿನ ಎರಡೆರಡು ತೂತು ಇರುತ್ತವೆ. ಅವಕ್ಕೆ ಎಲ್ ಆಕಾರದ ಸೈಡ್ ಬ್ರಾಕೆಟ್, ಅದರ ಕೆಳಗೆ ಬೇಕಿದ್ದರೆ ಸೀಟು ಹಿಂದೆಮುಂದೆ ಸರಿಯುವ ಹಳಿ, ಅಂದರೆ ಸ್ಲೈಡರ್, ಅದರ ಕೆಳಗೆ ನಿಮ್ಮ ಕಾರಿನ ನಾಲ್ಕು ತೂತುಗಳಿಗೆ ಹೊಂದುವ ಬೇಸ್. ಈ ಬೇಸ್ ನಿಮ್ಮ ಕಾರಿನ ಮಾಡೆಲ್ಲಿಗೆಂದೇ ಮಾಡಿದ್ದಾಗಿರಬೇಕು. ಎಲ್ಲ ಕಾರಿಗೂ ಆಗುತ್ತದೆ ಎಂದು ಮಾರುವ ಪಟ್ಟಿಗಳನ್ನು ಬಿಟ್ಟುಬಿಡಿ. ಕಾರಿನ ನೆಲ ಸಮತಟ್ಟಾಗಿರುವುದಿಲ್ಲ. ಮುಂದಿನ ಬೋಲ್ಟುಗಳು ಹಿಂದಿನವಕ್ಕಿಂತ ಎತ್ತರದಲ್ಲಿರಬಹುದು, ಟನಲ್ (ಕಾರಿನ ನಡುವಿನ ಉಬ್ಬು) ಕಡೆಯದು ಬಾಗಿಲ ಕಡೆಯದಕ್ಕಿಂತ ಮೇಲಿರಬಹುದು. ಆ ವ್ಯತ್ಯಾಸವನ್ನು ವಾಷರ್ ಮೇಲೆ ವಾಷರ್ ಪೇರಿಸಿ ಸರಿಮಾಡಿದರೆ ಅಪಘಾತದ ಹೊಡೆತಕ್ಕೆ ಬೋಲ್ಟು ಬಾಗುತ್ತದೆ. ಎತ್ತರಿಸಲೇಬೇಕಾದರೆ ಒಂದೇ ತುಂಡಿನ ಗಟ್ಟಿ ಉಕ್ಕಿನ ಸ್ಪೇಸರ್ ಹಾಕಿ.

ಮೋಟರ್ ಸ್ಪೋರ್ಟಿಗೆ ಅದರ ಅಂತರರಾಷ್ಟ್ರೀಯ ಸಂಸ್ಥೆ ಎಫ್‌ಐಎ ಇಟ್ಟಿರುವ ಅಳತೆ ರಸ್ತೆ ಕಾರಿಗೂ ಒಳ್ಳೆಯ ಆಧಾರ. ಸೀಟಿಗೆ ನಾಲ್ಕು ಕಡೆ ಹಿಡಿತ, ಬೋಲ್ಟು ಕನಿಷ್ಠ 8 ಮಿ.ಮೀ., ಬ್ರಾಕೆಟ್ ಉಕ್ಕಿನದಾದರೆ ಕನಿಷ್ಠ 3 ಮಿ.ಮೀ., ಅಲ್ಯುಮಿನಿಯಂ ಮಿಶ್ರಲೋಹದ್ದಾದರೆ 5 ಮಿ.ಮೀ. ದಪ್ಪ. ನೆಲದಲ್ಲಿ ಹೊಸ ತೂತು ಕೊರೆಯಲೇಬೇಕಾಗಿ ಬಂದರೆ ಪ್ರತಿ ತೂತಿನ ಕೆಳಗೂ ಕನಿಷ್ಠ 3 ಮಿ.ಮೀ. ದಪ್ಪದ, 40 ಚದರ ಸೆಂ.ಮೀ. ಹರವಿನ ಉಕ್ಕಿನ ಪ್ಲೇಟು ಬೇಕು. ಬರೀ ವಾಷರ್ ಹಾಕಿದರೆ ತೆಳು ತಗಡು ಹರಿದು ಬೋಲ್ಟು ಅದರ ಮೂಲಕ ಎದ್ದುಬರುತ್ತದೆ. ಕಂಪನಿಯ ತೂತುಗಳ ಕೆಳಗೆ ಬಲವರ್ಧನೆ ಮೊದಲೇ ಇರುತ್ತದೆ. ಆದ್ದರಿಂದ ಆದಷ್ಟೂ ಅವನ್ನೇ ಬಳಸಿ.

ಸೀಟು ಕೊಳ್ಳುವ ಮುಂಚೆ ಕೂತು ನೋಡಿ. ಸೊಂಟದ ಅಗಲ ಹೊಂದದಿದ್ದರೆ ಆ ಸೀಟಿನಲ್ಲಿ ಬೇರೆ ಯಾವುದೂ ಹೊಂದುವುದಿಲ್ಲ. ಬಿಗಿಯಾದರೆ ಅರ್ಧ ಗಂಟೆಯಲ್ಲೇ ತೊಡೆ ಜೋಮು ಹಿಡಿಯುತ್ತದೆ, ಸಡಿಲವಾದರೆ ತಿರುವಿನಲ್ಲಿ ನೀವೇ ಸ್ಟೇರಿಂಗ್ ಹಿಡಿದು ದೇಹ ಆನಿಸಿಕೊಳ್ಳಬೇಕಾಗುತ್ತದೆ. ಸಡಿಲವನ್ನು ಮೆತ್ತನೆಯ ದಪ್ಪ ಫೋಮಿನಿಂದ ತುಂಬಬೇಡಿ. ಹೊಡೆತ ಬಿದ್ದಾಗ ಫೋಮ್ ಅಮುಕಿಕೊಂಡು, ನೀವು ಬಿಗಿದುಕೊಂಡಿದ್ದ ಬೆಲ್ಟು ಅಷ್ಟೇ ಸಡಿಲವಾಗುತ್ತದೆ. ಹಳೆಯ ಸೀಟು ಕೊಳ್ಳುವುದಾದರೆ ಹಿಂಬದಿಯ ಚೀಟಿ ನೋಡಿ. ಎಫ್‌ಐಎ 8855-1999 ಎಂದಿದ್ದರೆ ಸ್ಪರ್ಧೆಗೆ ಅದರ ಆಯಸ್ಸು ತಯಾರಾದಾಗಿನಿಂದ 5 ವರ್ಷ, 8862-2009 ಆದರೆ 10 ವರ್ಷ. ಫೈಬರ್ ಶೆಲ್ಲಿನಲ್ಲಿ (ಸೀಟಿನ ಗಟ್ಟಿ ಕವಚದಲ್ಲಿ) ಬೋಲ್ಟಿನ ತೂತಿನ ಸುತ್ತ ಕೂದಲೆಳೆಯ ಬಿರುಕು ಕಂಡರೂ ಬಿಟ್ಟುಬಿಡಿ. ಒಳಗೆ ಎಷ್ಟು ಸೀಳಿದೆ ಎನ್ನುವುದು ಹೊರಗಿನಿಂದ ತಿಳಿಯುವುದಿಲ್ಲ.

ಈಗ ಏರ್‌ಬ್ಯಾಗ್. ಕಂಪನಿ ಸೀಟಿನ ಕೆಳಗೆ ಹಳದಿ ಕನೆಕ್ಟರ್ ಇದ್ದರೆ ಆ ವೈರು ಸೀಟಿನ ಪಕ್ಕದ ಏರ್‌ಬ್ಯಾಗಿಗೋ, ಅಪಘಾತದಲ್ಲಿ ಬಕಲ್ ಎಳೆದು ಬೆಲ್ಟು ಬಿಗಿಯುವ ಪ್ರಿಟೆನ್ಷನರಿಗೋ ಹೋಗಿರುತ್ತದೆ. ಇಗ್ನಿಷನ್ ಆಫ್ ಮಾಡಿ, ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಕಾರಿನ ಕೈಪಿಡಿ ಹೇಳಿದಷ್ಟು ಹೊತ್ತು ಕಾಯಿರಿ. ಕೈಪಿಡಿ ಇಲ್ಲದಿದ್ದರೆ ಹತ್ತು ನಿಮಿಷಕ್ಕೆ ಕಡಿಮೆ ಬೇಡ. ಆಮೇಲಷ್ಟೇ ಕನೆಕ್ಟರ್ ಕೀಳಬೇಕು. ಏರ್‌ಬ್ಯಾಗಿನ ತುದಿಗಳಿಗೆ ಮಲ್ಟಿಮೀಟರ್ ಹಿಡಿಯಲೇಬೇಡಿ, ಮೀಟರಿನ ಸಣ್ಣ ಕರೆಂಟೂ ಅದನ್ನು ಸಿಡಿಸಬಹುದು. ಕನೆಕ್ಟರ್ ಬಿಚ್ಚಿರುವಾಗ ಒಮ್ಮೆ ಇಗ್ನಿಷನ್ ಆನ್ ಮಾಡಿದರೂ ಸಾಕು, ದೋಷ ದಾಖಲಾಗಿ ದೀಪ ಹತ್ತುತ್ತದೆ. ಆಗ ಸ್ಕ್ಯಾನರಿನಿಂದಲೇ ಅಳಿಸಬೇಕು. ಏರ್‌ಬ್ಯಾಗ್ ಇನ್ನೂ ಇದೆ ಎಂದು ಕಾರು ತಿಳಿಯುವಂತೆ ಅದರ ಜಾಗಕ್ಕೆ ಸಾಮಾನ್ಯವಾಗಿ 2ರಿಂದ 3 ಓಮ್ ಆಸುಪಾಸಿನ ರೆಸಿಸ್ಟರ್ ಜೋಡಿಸುತ್ತಾರೆ. ನಿಮ್ಮ ಮಾಡೆಲ್ಲಿಗೆ ಸರಿಯಾದ ಬೆಲೆಯದನ್ನೇ, ಕನೆಕ್ಟರ್ ಸಮೇತ ಸಿಗುವುದನ್ನೇ ಹಾಕಿ. ದೀಪ ಆರುತ್ತದೆ, ಉಳಿದ ಏರ್‌ಬ್ಯಾಗುಗಳು ಎಚ್ಚರವಾಗಿರುತ್ತವೆ. ಆದರೆ ಪಕ್ಕದ ಏರ್‌ಬ್ಯಾಗ್ ಹೋದದ್ದು ಹೋದದ್ದೇ, ಅದನ್ನು ತಿಳಿದೇ ಈ ಕೆಲಸಕ್ಕೆ ಇಳಿಯಬೇಕು. ಪ್ರಯಾಣಿಕರ ಕಡೆಯ ಸೀಟಿನಲ್ಲಿ ತೂಕ ಅಳೆಯುವ ಸೆನ್ಸರ್ ಇರುವ ಕಾರಾದರೆ ಆ ಸೀಟನ್ನು ಮುಟ್ಟದಿರುವುದೇ ವಾಸಿ. ಯಾರು ಕೂತಿದ್ದಾರೆಂದು ತಿಳಿಯದ ಕಾರು ಮುಂದಿನ ಏರ್‌ಬ್ಯಾಗನ್ನು ತಪ್ಪಾಗಿ ನಿಭಾಯಿಸಬಹುದು.

ಎಲ್ಲಕ್ಕಿಂತ ಹೆಚ್ಚು ಗಮನ ಕೊಡಬೇಕಾದದ್ದು ಸೀಟ್ ಬೆಲ್ಟಿನ ಬಕಲ್. ಬಹಳ ಕಾರುಗಳಲ್ಲಿ ಬಕಲ್ ಕಂಪನಿ ಸೀಟಿನ ಹಳಿಗೇ ಕೂತಿರುತ್ತದೆ, ಸೀಟು ಹೊರಬಂದರೆ ಬಕಲ್ಲೂ ಬರುತ್ತದೆ. ಹೊಸ ಬೇಸಿನಲ್ಲಿ ಟನಲ್ ಕಡೆಗೆ ಬಕಲ್ಲಿಗೆಂದೇ ಬಲವಾದ ತೂತು ಇರಬೇಕು. ಬಕಲ್ಲಿನ ಬೋಲ್ಟು ಸಾಮಾನ್ಯವಾಗಿ 7/16 ಇಂಚು ದಪ್ಪದ, ಇಂಚಿಗೆ 20 ಥ್ರೆಡ್ಡಿನದು. ಎಂ10 ಬೋಲ್ಟು ಆ ತೂತಿಗೆ ಹೋದ ಹಾಗೆ ಅನಿಸಿದರೂ ಹಿಡಿತ ನಿಲ್ಲುವುದಿಲ್ಲ. ಪ್ರಿಟೆನ್ಷನರ್ ಇರುವ ಬಕಲ್ ಆದರೆ ಅದರ ವೈರನ್ನು ಮತ್ತೆ ಜೋಡಿಸಿ, ಅಲ್ಲಿ ರೆಸಿಸ್ಟರ್ ಹಾಕಬೇಡಿ.

ಎತ್ತರ ಸರಿಯಾಗಿದೆಯೇ ಎಂದು ಕೂತು ನೋಡಿ. ಸೊಂಟದ ಪಟ್ಟಿ ತೊಡೆಯ ಬುಡದಲ್ಲಿ, ಸೊಂಟದ ಮೂಳೆಯ ಮೇಲೆ ಬರಬೇಕು. ಬಕೆಟ್ ಸೀಟಿನ ಪಕ್ಕಗಳು ಎತ್ತರವಾದ್ದರಿಂದ ಪಟ್ಟಿ ಅವುಗಳ ಮೇಲೇ ಹಾದುಹೋದರೆ ಅದು ಹೊಟ್ಟೆಗೆ ಏರುತ್ತದೆ, ಅಪಘಾತದಲ್ಲಿ ಕರುಳಿಗೆ ಪೆಟ್ಟು ಬೀಳುತ್ತದೆ. ಶೆಲ್ಲಿನ ಪಕ್ಕದ ಸೀಳಿನ ಮೂಲಕ ಪಟ್ಟಿ ಒಳಬರುವಂತಿರಬೇಕು. ಬಕಲ್ ಶೆಲ್ಲಿನ ಅಂಚಿಗೆ ಒರಗಿಕೊಂಡು ನಿಂತಿದ್ದರೂ ತಪ್ಪೇ, ಎಳೆತಕ್ಕೆ ಅದು ಅಂಚಿನ ಮೇಲೆ ಬಾಗಿ ಒಡೆಯುತ್ತದೆ.

ಹಾರ್ನೆಸ್ ಬೇಡ ಎಂದದ್ದಕ್ಕೆ ಕಾರಣ ಇದು. ನಾಲ್ಕು ಪಟ್ಟಿಯದರಲ್ಲಿ ಭುಜದ ಪಟ್ಟಿಗಳು ಬಿಗಿಯಾದಾಗ ಸೊಂಟದ ಪಟ್ಟಿಯನ್ನು ಮೇಲಕ್ಕೆ ಎಳೆಯುತ್ತವೆ, ದೇಹ ಅದರ ಕೆಳಗೆ ಜಾರುತ್ತದೆ. ಇದನ್ನು ತಡೆಯಲು ಒಂದು ಭುಜದ ಪಟ್ಟಿ ಹಿಗ್ಗುವ ಹಾಗೆ ಹೊಲಿದ ನಾಲ್ಕು ಪಟ್ಟಿಯ ಹಾರ್ನೆಸ್‌ಗಳು ಇವೆ ನಿಜ. ಉಳಿದವುಗಳಲ್ಲಿ ತೊಡೆಯ ಮಧ್ಯದ ಪಟ್ಟಿ ಬೇಕೇಬೇಕು, ಸೀಟಿನಲ್ಲಿ ಅದಕ್ಕೆ ತೂತೂ ಬೇಕು. ಭುಜದ ಪಟ್ಟಿಗಳು ಹಿಂದಕ್ಕೆ ಹೆಚ್ಚುಕಡಿಮೆ ಮಟ್ಟಸವಾಗಿ ಹೋಗಬೇಕು. ಅವನ್ನು ಹಿಂದಿನ ನೆಲಕ್ಕೆ ಕಟ್ಟಿದರೆ ಹೊಡೆತವೆಲ್ಲ ಬೆನ್ನುಮೂಳೆಯನ್ನು ಕೆಳಕ್ಕೆ ಅದುಮುತ್ತದೆ. ಹಾಗಾಗಿ ಸೀಟಿನ ಹಿಂದೆ ಪಟ್ಟಿ ಕಟ್ಟುವ ಅಡ್ಡ ಕಂಬಿ, ಅಂದರೆ ಹಾರ್ನೆಸ್ ಬಾರ್ ಬೇಕು, ತಲೆ ಮುಂದಕ್ಕೆ ಚಿಮ್ಮದಂತೆ ಕುತ್ತಿಗೆಯ ರಕ್ಷಣೆ ಬೇಕು. ಅಷ್ಟೆಲ್ಲ ಟ್ರ್ಯಾಕಿನಲ್ಲಿ ಸರಿ. ರಸ್ತೆಗೆ ಕಂಪನಿಯ ಮೂರು ಬಿಂದುವಿನ ಬೆಲ್ಟೇ ಇರಲಿ. ನಿಮ್ಮಲ್ಲಿನ ವಾಹನ ತಪಾಸಣೆ, ವಿಮೆ ಈ ಬದಲಾವಣೆಯನ್ನು ಒಪ್ಪುತ್ತವೆಯೇ ಎಂದು ದುಡ್ಡು ಹಾಕುವ ಮುಂಚೆ ವಿಚಾರಿಸಿ.

ಜೋಡಣೆಗೆ ಬಂದರೆ, ಮೊದಲು ಕಾರಿನ ಹೊರಗೇ ಸೀಟು, ಬ್ರಾಕೆಟ್, ಸ್ಲೈಡರ್, ಬೇಸ್ ಎಲ್ಲವನ್ನೂ ಸಡಿಲವಾಗಿ ಸೇರಿಸಿ. ಶೆಲ್ಲಿನ ತೂತಿಗೆ ಬೋಲ್ಟನ್ನು ಬರಿಗೈಯಲ್ಲಿ ತಿರುಗಿಸಿ ಎಷ್ಟು ಆಳ ಹೋಗುತ್ತದೆ ಎಂದು ಮೊದಲು ಅಳೆಯಿರಿ. ಉದ್ದ ಹೆಚ್ಚಾದರೆ ಬ್ರಾಕೆಟ್ ಬಿಗಿಯುವ ಮೊದಲೇ ಬೋಲ್ಟು ತಳ ಮುಟ್ಟುತ್ತದೆ, ಬಿಗಿಯಾಯಿತೆಂದು ನೀವು ಅಂದುಕೊಳ್ಳುತ್ತೀರಿ. ಕನಿಷ್ಠ 8 ಮಿ.ಮೀ. ಥ್ರೆಡ್ಡು ಹಿಡಿದಿರಬೇಕು, ಬೋಲ್ಟಿನ ಬಲದ ದರ್ಜೆ 8.8ಕ್ಕೆ ಕಡಿಮೆ ಇರಬಾರದು. ಬ್ರಾಕೆಟ್ಟಿಗೂ ಶೆಲ್ಲಿಗೂ ನಡುವೆ ಸಂದು ಇದ್ದರೆ ಸ್ಪೇಸರ್ ತುಂಬಿ. ಬೋಲ್ಟಿನಿಂದಲೇ ಎಳೆದು ಸೇರಿಸಿದರೆ ಶೆಲ್ ಸೀಳುತ್ತದೆ.

ಸ್ಲೈಡರ್ ಎರಡೂ ಹಳಿಯಲ್ಲಿ ಲಾಕ್ ಆಗುವಂಥದ್ದೇ ಇರಲಿ, ಒಂದೇ ಕಡೆ ಲಾಕ್ ಆಗುವುದು ತಿರುಚಿಕೊಳ್ಳುತ್ತದೆ. ನೀವೊಬ್ಬರೇ ಓಡಿಸುವ ಕಾರಾದರೆ ಸ್ಲೈಡರ್ ಬಿಟ್ಟರೆ ಇನ್ನೂ ಒಳ್ಳೆಯದು, ಸೀಟು ಎರಡು ಸೆಂ.ಮೀ.ಗೂ ಹೆಚ್ಚು ಇಳಿಯುತ್ತದೆ, ಅಲುಗಾಟವೂ ಕಡಿಮೆ. ಸ್ಲೈಡರ್ ಒಳಗಿನ ಬೋಲ್ಟಿನ ತಲೆ ಹಳಿಗೆ ತಾಗುತ್ತದೆಯೇ ನೋಡಿ. ತಾಗಿದರೆ ತಗ್ಗು ತಲೆಯ ಬೋಲ್ಟು ಬೇಕು.

ಹೊಸ್ತಿಲಿಗೆ ಕಂಬಳಿ ಹೊದಿಸಿ ಸೀಟು ಒಳಗಿಳಿಸಿ. ಸ್ಟೇರಿಂಗ್ ನಡುವಿನಿಂದ ದಾರಕ್ಕೆ ನಟ್ಟು ಕಟ್ಟಿ ಇಳಿಬಿಟ್ಟು, ಸೀಟಿನ ನಡು ಅದಕ್ಕೆ ಎಷ್ಟು ಹೊಂದಿದೆ ಎಂದು ನೋಡಿ. ಒಂದೆರಡು ಸೆಂ.ಮೀ. ಓರೆಯಾದರೂ ದೂರದ ಓಡಾಟದಲ್ಲಿ ಸೊಂಟ ತಿಳಿಸುತ್ತದೆ. ಭುಜ ಸೀಟಿಗೆ ಒರಗಿದ್ದಾಗ ಮಣಿಕಟ್ಟು ಸ್ಟೇರಿಂಗಿನ ಮೇಲಂಚಿಗೆ ಎಟುಕಬೇಕು, ಕ್ಲಚ್ ಪೂರ್ತಿ ಒತ್ತಿದಾಗ ಮೊಣಕಾಲು ಇನ್ನೂ ಸ್ವಲ್ಪ ಮಡಚಿರಬೇಕು. ಬಾಗಿಲು ಮುಚ್ಚಿ, ಹ್ಯಾಂಡ್‌ಬ್ರೇಕ್ ಎಳೆದು, ಸೀಟಿನ ಪಕ್ಕ ಎಲ್ಲಾದರೂ ತಾಗುತ್ತದೆಯೇ ಪರೀಕ್ಷಿಸಿ. ಹೆಲ್ಮೆಟ್ ಹಾಕುವವರಾದರೆ ಹಾಕಿಕೊಂಡೇ ಚಾವಣಿಯ ಅಂತರ ನೋಡಿ.

ಬಿಗಿಯುವ ಕ್ರಮ ಮುಖ್ಯ. ನಾಲ್ಕೂ ಬೋಲ್ಟು ಕೈಯಲ್ಲೇ ಹಿಡಿಸಿ. ಸೀಟನ್ನು ಹಿಂದಕ್ಕೆ ಸರಿಸಿ ಮುಂದಿನ ಎರಡು, ಮುಂದಕ್ಕೆ ಸರಿಸಿ ಹಿಂದಿನ ಎರಡು ಬಿಗಿಯಿರಿ. ಸ್ಲೈಡರ್ ಈ ತುದಿಯಿಂದ ಆ ತುದಿಗೆ ಸಲೀಸಾಗಿ ಓಡದಿದ್ದರೆ ಹಳಿಗಳು ಸಮಾನಾಂತರವಾಗಿಲ್ಲ ಎಂದರ್ಥ. ಆಗ ಎಣ್ಣೆ ಬಿಟ್ಟು ಪ್ರಯೋಜನವಿಲ್ಲ, ಬಿಚ್ಚಿ ಮತ್ತೆ ಕೂರಿಸಬೇಕು. ನೆಲದ ಬೋಲ್ಟುಗಳಿಗೆ ಕಾರಿನ ಕೈಪಿಡಿಯ ಟಾರ್ಕ್ (ಬಿಗಿಯುವ ಬಲದ ಅಳತೆ), ಶೆಲ್ಲಿನ ಬೋಲ್ಟುಗಳಿಗೆ ಸೀಟಿನ ಕಂಪನಿ ಹೇಳಿದ ಟಾರ್ಕ್. ಜಾಸ್ತಿ ಬಿಗಿದರೆ ಫೈಬರಿನಲ್ಲಿ ಹುದುಗಿದ ಥ್ರೆಡ್ಡಿನ ಇನ್ಸರ್ಟ್ ಸುತ್ತಿಬಿಡುತ್ತದೆ. ಒಳಗೆ ನೈಲಾನ್ ಉಂಗುರವಿರುವ ಲಾಕ್ ನಟ್ಟನ್ನು ಮರುಬಳಕೆ ಮಾಡಬೇಡಿ. ಥ್ರೆಡ್ಡಿನ ತೂತಿಗೆ ನೀಲಿ ಬಣ್ಣದ ಮಧ್ಯಮ ಥ್ರೆಡ್‌ಲಾಕ್ (ಬೋಲ್ಟು ಸಡಿಲವಾಗದಂತೆ ಹಚ್ಚುವ ಅಂಟು) ಸಾಕು.

ಬಿಗಿದ ಮೇಲೆ ಪ್ರತಿ ಬೋಲ್ಟಿನ ತಲೆಯಿಂದ ಬ್ರಾಕೆಟ್ಟಿಗೆ ಬಣ್ಣದ ಗೀಟು ಎಳೆಯಿರಿ. ಮೊದಲ ನೂರು ಕಿ.ಮೀ. ಓಡಿದ ಮೇಲೆ ನೋಡಿ. ಗೀಟು ಮುರಿದಿದ್ದರೆ ಬೋಲ್ಟು ತಿರುಗಿದೆ. ಆಗ ಅದನ್ನು ಬಿಗಿದು ಸುಮ್ಮನಾಗದೆ ಪೂರ್ತಿ ಬಿಚ್ಚಿ, ಯಾವ ಸ್ಪೇಸರ್ ಕೂತಿಲ್ಲ, ಯಾವ ಬ್ರಾಕೆಟ್ ಬಾಗಿದೆ ಎಂದು ಹುಡುಕಿ.